ಕೀವರ್ಡ್ ಆರಿಸುವಾಗ ನಾನು ಮೊದಲು ನೋಡುವುದು ಫಲಿತಾಂಶದ ಪುಟ

ಕೀವರ್ಡ್ (ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ, ನಮ್ಮ ಪುಟ ಕಾಣಿಸಬೇಕೆಂದು ನಾವು ಆರಿಸುವ ಪದ) ಎಂದೊಡನೆ ಹೆಚ್ಚಿನವರ ಕಣ್ಣು ಹೋಗುವುದು ತಿಂಗಳಿಗೆ ಎಷ್ಟು ಮಂದಿ ಹುಡುಕುತ್ತಾರೆ ಎಂಬ ಅಂಕಿಯ ಕಡೆಗೆ. ನನ್ನ ಕೆಲಸದಲ್ಲಿ ಅದಕ್ಕೆ ಮೂರನೇ ಸ್ಥಾನ. ಹುಡುಕುವವರಿಗೆ ನಿಜವಾಗಿ ಏನು ಬೇಕು ಎಂಬುದು ಮೊದಲು, ಗೂಗಲ್ ಫಲಿತಾಂಶದ ಮೊದಲ ಪುಟದಲ್ಲಿ ಈಗ ಯಾರು ಕೂತಿದ್ದಾರೆ ಎಂಬುದು ಆಮೇಲೆ.

ಸೈಕಲ್ ರಿಪೇರಿ ಹೇಳಿಕೊಡುವ ಜಾಲತಾಣ ಒಂದಿದೆ ಎಂದಿಟ್ಟುಕೊಳ್ಳಿ. ಶುರುವಿಗೆ 20–30 ಮೂಲ ಪದಗಳು ಸಾಕು. ಇವನ್ನು ಯಾವ ಟೂಲ್‌ನಿಂದಲೂ ತೆಗೆಯುವುದಿಲ್ಲ. ಜನ ಇಮೇಲ್‌ನಲ್ಲಿ, ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಮೆಕ್ಯಾನಿಕ್ 'ಡಿರೇಲರ್ ಅಡ್ಜಸ್ಟ್‌ಮೆಂಟ್' ಎಂದರೆ, ಸೈಕಲ್ ತುಳಿಯುವವರು 'ಗೇರ್ ತಾನಾಗಿ ಬದಲಾಗುತ್ತದೆ' ಎಂದು ಟೈಪ್ ಮಾಡುತ್ತಾರೆ. ವಿಷಯ ಬಲ್ಲವರು ಎಡವುವುದು ಇಲ್ಲೇ. ಕನ್ನಡದಲ್ಲಿ ಇನ್ನೊಂದು ತೊಡಕು: ಒಂದೇ ಮಾತನ್ನು ಕನ್ನಡ ಲಿಪಿಯಲ್ಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರಗಳಲ್ಲೂ ಹುಡುಕುತ್ತಾರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿಡಬೇಕು.

ಆಮೇಲೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ನಮ್ಮ ಹಳೆಯ ಹುಡುಕಾಟಗಳ ಪ್ರಭಾವ ತಗ್ಗಿಸುವ ಖಾಸಗಿ ಕಿಟಕಿ) ಒಂದೊಂದೇ ಮೂಲ ಪದ ಟೈಪ್ ಮಾಡಿ, ಗೂಗಲ್ ತಾನಾಗಿ ತೋರಿಸುವ ಸಲಹೆಗಳನ್ನು, ಫಲಿತಾಂಶಗಳ ನಡುವೆ ಬರುವ ಪ್ರಶ್ನೆಗಳನ್ನು ಸೇರಿಸುತ್ತೇನೆ. ಇಷ್ಟರಲ್ಲಿ ಪಟ್ಟಿ ಇನ್ನೂರು ದಾಟುತ್ತದೆ.

ಅಂಕಿಗಾಗಿ ಗೂಗಲ್ ಆಡ್ಸ್‌ನ ಕೀವರ್ಡ್ ಪ್ಲ್ಯಾನರ್ ಬಳಸುತ್ತೇನೆ. ಜಾಹೀರಾತಿಗೆ ಹಣ ಹಾಕದ ಖಾತೆಗೆ ಅದು '100 – 1 ಸಾವಿರ' ಎಂಬಂಥ ಅಂದಾಜನ್ನಷ್ಟೇ ಕೊಡುತ್ತದೆ. ಹತ್ತು ಪಟ್ಟು ಅಂತರ ಅದರೊಳಗೇ ಇದೆ. ಹತ್ತಿರದ ರೂಪಗಳನ್ನು ಒಟ್ಟುಗೂಡಿಸಿ ಒಂದೇ ಅಂಕಿ ತೋರಿಸುವುದೂ ಉಂಟು. ಎಲ್ಲಕ್ಕಿಂತ ದಾರಿ ತಪ್ಪಿಸುವುದು ಅಲ್ಲಿನ 'ಸ್ಪರ್ಧೆ' ಕಾಲಂ. ಅದು ಜಾಹೀರಾತುದಾರರ ನಡುವಿನ ಪೈಪೋಟಿ; ಹಣ ಕೊಡದೆ ಬರುವ ಸಹಜ ಫಲಿತಾಂಶದಲ್ಲಿ ಮೇಲೇರುವ ಕಷ್ಟವನ್ನು ಅದು ಹೇಳುವುದಿಲ್ಲ. 'ಕಡಿಮೆ' ಎಂದು ಕಂಡದ್ದನ್ನೆಲ್ಲ ಆರಿಸಿಕೊಂಡರೆ ಆರು ತಿಂಗಳ ಬರವಣಿಗೆ ನೀರಿಗೆ ಹೋಗುತ್ತದೆ. ಅಂಕಿಯೇ ಇಲ್ಲದ ಪದವನ್ನೂ ಬಿಸಾಡಬೇಡಿ. ದಿನವೂ ಬರುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಕಾಣದವು ಎಂದು ಗೂಗಲ್ಲೇ ಹೇಳಿದೆ. ಒಂದು ಪದದ ಹುಡುಕಾಟ ಕಾಲಕಾಲಕ್ಕೆ ಹೇಗೆ ಏರಿಳಿಯುತ್ತದೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನ 0–100 ಕೂಡ ಹುಡುಕಾಟದ ಎಣಿಕೆಯಲ್ಲ, ಹೋಲಿಕೆಯ ಅಳತೆ. ಋತುವಿನ ಏರಿಳಿತ ತಿಳಿಯಲು ಮಾತ್ರ ನನಗದು ಬೇಕು.

ಇನ್ನು ನಿಜವಾದ ಜರಡಿ. ಪ್ರತಿ ಪದವನ್ನೂ ಹುಡುಕಿ ಮೊದಲ ಹತ್ತು ಫಲಿತಾಂಶಗಳನ್ನು ತೆರೆದು ನೋಡುತ್ತೇನೆ. 'ಸೈಕಲ್ ಚೈನ್' ಎಂದಾಗ ಹತ್ತಕ್ಕೆ ಎಂಟು ಅಂಗಡಿಗಳಿದ್ದರೆ, ಆ ಪದ ಕೊಳ್ಳುವವರದ್ದು. ರಿಪೇರಿ ಲೇಖನ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ನಿಲ್ಲದು. 'ಚೈನ್ ಪದೇ ಪದೇ ಕಳಚುತ್ತದೆ' ಎಂದಾಗ ಹಳೆಯ ಪ್ರಶ್ನೋತ್ತರಗಳು, ಅರ್ಧಂಬರ್ಧ ಉತ್ತರಗಳೇ ಮೇಲಿದ್ದರೆ ಜಾಗ ಖಾಲಿ ಇದೆ ಎಂದರ್ಥ. ಹತ್ತರಲ್ಲಿ ಎರಡಾದರೂ ನನ್ನಷ್ಟೇ ಚಿಕ್ಕ ತಾಣಗಳಿದ್ದರೆ ಮಾತ್ರ ಆ ಪದ ನನ್ನ ಪಟ್ಟಿಯಲ್ಲಿ ಉಳಿಯುತ್ತದೆ. ಉತ್ತರವೆಲ್ಲ ವಿಡಿಯೋಗಳಾಗಿದ್ದರೆ ಬರೆಯುವ ಬದಲು ವಿಡಿಯೋ ಮಾಡುವುದೇ ಸರಿ.

ಎರಡು ಪದಗಳಿಗೆ ಒಂದೇ ಪುಟ ಸಾಕೇ ಎಂಬುದನ್ನೂ ಇಲ್ಲೇ ತೀರ್ಮಾನಿಸಬಹುದು. ಎರಡರ ಮೊದಲ ಹತ್ತನ್ನು ಪಕ್ಕಪಕ್ಕ ಇಡಿ. ಐದು ಅಥವಾ ಹೆಚ್ಚು ಪುಟಗಳು ಎರಡರಲ್ಲೂ ಇದ್ದರೆ ಒಂದೇ ಲೇಖನ, ಒಂದೋ ಎರಡೋ ಇದ್ದರೆ ಎರಡು ಲೇಖನ. ಮೂರು ನಾಲ್ಕಿದ್ದಾಗ ನಾನು ಒಂದನ್ನೇ ಬರೆಯುತ್ತೇನೆ, ಉಪಶೀರ್ಷಿಕೆಯಲ್ಲಿ ಎರಡನೆಯದಕ್ಕೆ ಉತ್ತರ ಕೊಡುತ್ತೇನೆ. ಆರಿಸಿದ ಪ್ರತಿ ಪದದ ಎದುರು ಶೀಟ್‌ನಲ್ಲಿ ಒಂದೇ ಪುಟದ ವಿಳಾಸ ಇರಬೇಕು.

ಪದವನ್ನು ಫಲಿತಾಂಶದಲ್ಲಿ ಕಾಣುವ ಪುಟದ ಟೈಟಲ್‌ನಲ್ಲಿ, ಮುಖ್ಯ ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಬಳಸಿದರೆ ಆಯಿತು. ಇಷ್ಟು ಶೇಕಡಾ ಬರಬೇಕೆಂಬ ಲೆಕ್ಕ ಬೇಡ. ತುರುಕಿದರೆ ಅದು ಗೂಗಲ್‌ನ ಸ್ಪ್ಯಾಮ್ ನಿಯಮದಡಿ ಬರುತ್ತದೆ. ಮೆಟಾ ಕೀವರ್ಡ್ಸ್ ಟ್ಯಾಗ್ (ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಕೀವರ್ಡ್ ಬರೆದಿಡುವ ಜಾಗ) ತುಂಬುವುದೂ ವ್ಯರ್ಥ. ರ‍್ಯಾಂಕಿಂಗ್‌ಗೆ ಅದನ್ನು ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ತಿಳಿಸಿದೆ.

ಮೂರು ತಿಂಗಳಾದ ಮೇಲೆ ನನ್ನ ತಾಣ ಯಾವ ಹುಡುಕಾಟಗಳಲ್ಲಿ ಕಾಣಿಸಿತು ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆಯುತ್ತೇನೆ. ಅಲ್ಲಿ 16 ತಿಂಗಳ ದತ್ತಾಂಶ ಸಿಗುತ್ತದೆ, ಆದರೆ ಪಟ್ಟಿ 1,000 ಸಾಲಿಗೆ ನಿಲ್ಲುವುದರಿಂದ ಒಂದೊಂದು ಪುಟವನ್ನು ಫಿಲ್ಟರ್ ಮಾಡಿ ನೋಡುವುದು ಒಳ್ಳೆಯದು. ಸರಾಸರಿ ಸ್ಥಾನ 8ರಿಂದ 20ರೊಳಗೆ ಇದ್ದು ಇಂಪ್ರೆಶನ್ (ಫಲಿತಾಂಶದಲ್ಲಿ ಕಾಣಿಸಿದ ಸಲ) ಹೆಚ್ಚಿರುವ ಪದಗಳೇ ಮುಂದಿನ ಕೆಲಸ. ಲೇಖನದಲ್ಲಿ ಆ ಪ್ರಶ್ನೆಗೆ ನೇರ ಉತ್ತರ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸುತ್ತೇನೆ. ಒಂದೇ ಪದಕ್ಕೆ ನನ್ನ ಎರಡು ಪುಟಗಳು ಸರದಿಯಲ್ಲಿ ಕಾಣಿಸುತ್ತಿದ್ದು ಎರಡೂ ಹೇಳುವುದು ಅದನ್ನೇ ಆಗಿದ್ದರೆ, ದುರ್ಬಲವಾದದ್ದರ ಸಾರವನ್ನು ಇನ್ನೊಂದಕ್ಕೆ ಸೇರಿಸಿ, ಹಳೆಯ ವಿಳಾಸದಿಂದ 301 ರೀಡೈರೆಕ್ಟ್ (ಅಲ್ಲಿಗೆ ಬಂದವರನ್ನು ಕಾಯಂ ಆಗಿ ಇನ್ನೊಂದು ಪುಟಕ್ಕೆ ಕಳಿಸುವ ವ್ಯವಸ್ಥೆ) ಕೊಡುತ್ತೇನೆ. ಒಳಗಿನ ಲಿಂಕ್‌ಗಳನ್ನೂ ಉಳಿದ ಪುಟದ ವಿಳಾಸಕ್ಕೆ ಬದಲಿಸಿದ ಮೇಲೆ ಕೆಲವು ವಾರ ಆ ಪುಟವನ್ನು ಮುಟ್ಟುವುದಿಲ್ಲ. ಮಧ್ಯೆ ಟೈಟಲ್ ತಿದ್ದುತ್ತ ಹೋದರೆ, ಏರಿದ್ದೋ ಇಳಿದದ್ದೋ ಯಾವ ಬದಲಾವಣೆಯಿಂದ ಎಂದು ಹೇಳಲು ಆಗುವುದಿಲ್ಲ.