ಚೀಟಿಯ ಲೆಕ್ಕ ಬಿಟ್ಟು ಮಾತ್ರೆಯ ಲೆಕ್ಕ ಹಿಡಿದದ್ದು

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಐವಿ ತಪಾಸಣೆ ನಡೆಸುತ್ತಿದ್ದ ನಮ್ಮ ತಂಡ ಮೊದಲೆರಡು ವರ್ಷ ಆಸ್ಪತ್ರೆಗೆ ಹೋಗಲು ಬರೆದುಕೊಟ್ಟ ರೆಫರಲ್ ಚೀಟಿಗಳನ್ನೇ ಎಣಿಸಿ, ಬಹುತೇಕ ಎಲ್ಲರನ್ನೂ ಚಿಕಿತ್ಸೆಗೆ ಸೇರಿಸಿದ್ದೇವೆಂದು ವರದಿ ಕಳುಹಿಸುತ್ತಿತ್ತು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆಯ ಮೊದಲ ಡಬ್ಬಿ ಕೈಸೇರಿದ ದಿನವನ್ನೇ ಅಳತೆಯಾಗಿ ಹಿಡಿಯೋಣವೆಂದು ನಾನು ಹೇಳಿದಾಗ, "ಅಂಕಿ ಬಿದ್ದರೆ ಅನುದಾನದ ಮುಂದಿನ ಕಂತು ಬರುವುದಿಲ್ಲ ಮೇಡಂ" ಎಂದು ಜೊತೆಯವರು ತಡೆದರು. ಅಂಕಿ ಬಿತ್ತು; ಕಂತೂ ಮೂರು ತಿಂಗಳು ತಡವಾಯಿತು.

ನೆನಪಿರುವಂತೆ ಆ ವರ್ಷ ಬೆರಳ ತುದಿಯ ರಕ್ತದಲ್ಲಿ ರಿಯಾಕ್ಟಿವ್ (ಸೋಂಕಿನ ಶಂಕೆ) ಎಂದು ಬಂದವರು ಸುಮಾರು 40. ಮಂಡ್ಯದ ಎ.ಆರ್.ಟಿ. ಕೇಂದ್ರದ ಹೊಸ ನೋಂದಣಿಯಲ್ಲಿ ಸಿಕ್ಕವರು 22. ಉಳಿದ 18 ಮಂದಿಯ ಜಾಡು ಹಿಡಿಯುವುದೇ ನಿಜವಾದ ಕೆಲಸವಾಯಿತು. ಆರು ಮಂದಿ ಅದಾಗಲೇ ಮಾತ್ರೆ ನುಂಗುತ್ತಿದ್ದು, ಅಕ್ಕಪಕ್ಕದವರೆಲ್ಲ ಬೆರಳು ಕೊಡುವಾಗ ತಾವು ಹಿಂದೆ ಸರಿದರೆ ಅನುಮಾನ ಬಂದೀತೆಂದು ಸುಮ್ಮನೆ ಕೊಟ್ಟಿದ್ದರು. ಮೂವರಿಗೆ ಐಸಿಟಿಸಿಯ (ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ) ದೃಢೀಕರಣದಲ್ಲಿ ಸೋಂಕಿಲ್ಲವೆಂದು ಬಂದಿತ್ತು. ಐವರು, ಊರಿನವರ ಕಣ್ಣಿಗೆ ಬಿದ್ದೇವೆಂಬ ಅಂಜಿಕೆಯಿಂದ, ಮೈಸೂರಿಗೆ ಹೋಗಿ ನೋಂದಾಯಿಸಿಕೊಂಡಿದ್ದರು. ಒಂಬತ್ತನ್ನು ಛೇದದಿಂದ ಕಳೆದು ಐದನ್ನು ಅಂಶಕ್ಕೆ ಕೂಡಿದಾಗ 40ಕ್ಕೆ 22 ಇದ್ದದ್ದು 31ಕ್ಕೆ 27 ಆಯಿತು, ಕೈತಪ್ಪಿದವರು ನಾಲ್ವರೇ.

ಇದಕ್ಕೂ ಮೊದಲು ಫೋನಿನಲ್ಲೇ ವಿಚಾರಿಸಲು ಹೋಗಿ ಕೆಟ್ಟಿದ್ದೆವು: ಒಂದು ಕರೆಯನ್ನು ಅತ್ತೆ ಎತ್ತಿಕೊಂಡರು, ನಮ್ಮ ಹುಡುಗ ಸಂಸ್ಥೆಯ ಹೆಸರು ಹೇಳಿಬಿಟ್ಟ, ಆ ಹೆಣ್ಣುಮಗಳು ಮತ್ತೆ ನಮ್ಮ ಮುಖ ನೋಡಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಗೋಪ್ಯತೆಯ ಮಾತು ಸಹ ತಲೆಯ ಮೇಲಿತ್ತು. ಹಾಗಾಗಿ ತಪಾಸಣೆಯ ದಿನವೇ ಲಿಖಿತ ಒಪ್ಪಿಗೆ ಪಡೆದು, ಹೆಸರಿನ ಬದಲು ಸಂಕೇತ ಸಂಖ್ಯೆ ಹಿಡಿದು ಎರಡೂ ಊರಿನ ಕೇಂದ್ರಗಳಲ್ಲಿ ತಾಳೆ ನೋಡತೊಡಗಿದೆವು. ಆ ಸಂಕೇತವನ್ನು ಹೇಗೆ ಕಟ್ಟುತ್ತೇವೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

2017ರಲ್ಲಿ ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಎಷ್ಟೇ ಇದ್ದರೂ ಚಿಕಿತ್ಸೆ ಎಂಬ ನೀತಿ ಬಂದ ಮೇಲೆ ತಡಕ್ಕೆ ನೆವವೇ ಉಳಿದಿರಲಿಲ್ಲ. ನಮ್ಮವರೊಬ್ಬರು ಜೊತೆಗೇ ಬಸ್ಸು ಹತ್ತಲು ಶುರು ಮಾಡಿದ ಮೇಲೆ, ತಪಾಸಣೆಯಿಂದ ಮೊದಲ ಡಬ್ಬಿಯವರೆಗೆ ತಿಂಗಳು ಹಿಡಿಯುತ್ತಿದ್ದದ್ದು ಒಂಬತ್ತು ಹತ್ತು ದಿನಕ್ಕಿಳಿಯಿತು. ಬಸ್ ಚಾರ್ಜು, ತಿಂಡಿ, ತಪ್ಪಿಹೋದ ಕೂಲಿ ಎಲ್ಲ ಸೇರಿ ತಲೆಗೆ 700 ರೂಪಾಯಿಯ ಹತ್ತಿರ ಬಿದ್ದಿತು. ಕೂಲಿಯ ಬಾಬತ್ತನ್ನು ಲೆಕ್ಕಪರಿಶೋಧಕರು ಒಪ್ಪದೆ ಹೋದದ್ದರಿಂದ ಸುಮಾರು 9,000 ನನ್ನ ಕೈಯಿಂದಲೇ ಹೋಯಿತು.

ನಡುವೆ ಆಲೆಮನೆಗಳ ಬಳಿ ಸಂಜೆಯ ತಪಾಸಣೆಯನ್ನೂ ಮಾಡಿ ನೋಡಿದೆ. ಜನ ಚೆನ್ನಾಗಿಯೇ ಸೇರಿದರು; ಆದರೆ ಕಬ್ಬು ಕಡಿಯಲು ಬಂದವರು ದೃಢೀಕರಣಕ್ಕೆ ಮೊದಲೇ ಮುಂದಿನ ಊರಿಗೆ ಗಂಟುಮೂಟೆ ಕಟ್ಟುತ್ತಿದ್ದರು. ಅವರಿಗೆ ಈಗ ನಮ್ಮ ಲೆಕ್ಕದ ಪುಸ್ತಕದಲ್ಲಿ ಬೇರೆಯೇ ಪುಟವಿದೆ. ಅಂದು ತಡೆದವರಲ್ಲಿ ಒಬ್ಬರು ಕಳೆದ ತಿಂಗಳು ಆ ಪುಸ್ತಕದ ನಕಲನ್ನು ತಮ್ಮ ತಾಲ್ಲೂಕಿಗೆಂದು ಕೇಳಿ ಪಡೆದರು.