ಮಾಡಗ್ಯಾಳದ ನೆರೆಯಲ್ಲಿ ಕರಿಯ ಕುರಿ, ಮನೆಯಲ್ಲಿ ನೂಲು: ನನ್ನ ಅನುಭವ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಕುರಿ ಎಂದೊಡನೆ ಜನರ ಬಾಯಿಗೆ ಬರುವುದು ಮಾಡಗ್ಯಾಳ ತಳಿ. ಬಾಗಿದ ಮೂಗು, ಎತ್ತರದ ಮೈಕಟ್ಟು, ಬಿಳಿ ಮೈಮೇಲೆ ಕಂದು ಮಚ್ಚೆಗಳಿರುವ ಈ ಕುರಿಗೆ ಪೇಟೆಯಲ್ಲಿ ದೊರೆಯುವ ಬೆಲೆಯನ್ನು ಕಂಡು, ನಮ್ಮ ಸುತ್ತಲಿನ ಅನೇಕರು ತಲೆಮಾರುಗಳಿಂದ ಸಾಕಿದ್ದ ಕರಿಯ ದಖನಿ ಕುರಿಗಳನ್ನು ಮಾರಿದರು. ನಮ್ಮ ಮನೆಯವರೂ ನಾನೂ ದಖನಿಯನ್ನೇ ಉಳಿಸಿಕೊಂಡೆವು. ಅಭಿಮಾನಕ್ಕಿಂತ ಲೆಕ್ಕವೇ ಅದಕ್ಕೆ ಕಾರಣ. ಮಾಡಗ್ಯಾಳ ಕುರಿಯ ಮೈಮೇಲಿರುವುದು ಕೂದಲೇ ಹೊರತು ನೂಲಲು ಬರುವ ಉಣ್ಣೆಯಲ್ಲ. ನಮ್ಮ ಅತ್ತೆಯವರಿಗೋ ನೂಲುವ ಕೈ ಇತ್ತು, ಹತ್ತಿರದ ಊರಿನಲ್ಲಿ ಕಂಬಳಿಯ ಗುಂಡಿಮಗ್ಗವೂ (ನೇಯುವವರು ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗ) ನಡೆಯುತ್ತಿತ್ತು.

ಕತ್ತರಿಸಿದ ಉಣ್ಣೆಯನ್ನು ಹಾಗೆಯೇ ಮಾರಿದರೆ ಕತ್ತರಿಸಿದವರ ಕೂಲಿಯೂ ಹುಟ್ಟುವುದಿಲ್ಲ. ನಯವಾದ ಉಣ್ಣೆಗೆ ಹೆಸರಾದ ಮೆರಿನೊ ಕುರಿಯ ಎಳೆ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಿದ್ದರೆ ದಖನಿಯದು ಅದಕ್ಕಿಂತ ಬಹಳ ಒರಟು. ಆದ್ದರಿಂದ ಸ್ವೆಟರಿನ ನೂಲಿಗೆ ಅದನ್ನು ಯಾರೂ ಕೇಳುವುದಿಲ್ಲ. ವರ್ಷಕ್ಕೆ ಎರಡು ಬಾರಿ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಸಲಕ್ಕೆ ಅರ್ಧ ಕಿಲೋ ಸಿಗುವುದು ಅಪರೂಪ. ನೂಲದೆ ಒಂದು ಹಿಡಿ ಉಣ್ಣೆಯನ್ನೂ ಹೊರಗೆ ಕೊಡಬಾರದೆಂದು ನಾವು ನಿಶ್ಚಯಿಸಿದ್ದು ಈ ಕಾರಣಕ್ಕೆ.

ಕತ್ತರಿಸುವ ಮೊದಲು ಕುರಿಗಳನ್ನು ಹಳ್ಳದಲ್ಲಿ ತೊಳೆದು ಒಣಗಿಸುತ್ತೇವೆ. ಮಣ್ಣು ಉಳಿದರೆ ಕತ್ತರಿಯ ಬಾಯಿ ಬೇಗ ಮೊಂಡಾಗುತ್ತದೆ. ಮರಿಗಳ ಮೊದಲ ಉಣ್ಣೆಯನ್ನು ಬೇರೆಯಾಗಿಯೇ ಇಡಬೇಕು. ಅದರಷ್ಟು ಮೃದುವಾದ, ಕಪ್ಪಾದ ಉಣ್ಣೆ ಆ ಕುರಿಯಿಂದ ಮತ್ತೆ ಸಿಗುವುದಿಲ್ಲ, ಏಕೆಂದರೆ ವಯಸ್ಸಾದಂತೆ ಬಣ್ಣ ಕಂದಿಗೆ, ಬೂದಿಗೆ ತಿರುಗುತ್ತದೆ. ಮುಳ್ಳು, ಕಸ ಆರಿಸಿದ ಮೇಲೆ ಬಿಲ್ಲಿನ ಹೆದೆಯಿಂದ ಹಿಂಜಿ ಎಳೆಗಳನ್ನು ಬಿಡಿಸುವುದು ನಮ್ಮ ಮನೆಯವರ ಪಾಲಿನ ಕೆಲಸ. ನೂಲುವುದು ನನ್ನದು. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಹಾಸಿನ ನೂಲು ಎಳೆತವನ್ನು ತಾಳಬೇಕಾದ್ದರಿಂದ ಅದಕ್ಕೆ ಹುರಿ ಹೆಚ್ಚು ಕೊಡುತ್ತೇನೆ. ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲನ್ನು ಸಡಿಲವಾಗಿ, ತುಸು ದಪ್ಪವಾಗಿ ಬಿಟ್ಟರೆ ಕಂಬಳಿ ಬೆಚ್ಚಗಿರುತ್ತದೆ. ಈ ವ್ಯತ್ಯಾಸವನ್ನು ಅತ್ತೆಯವರು ಮಾತಿನಲ್ಲಿ ಹೇಳಲಿಲ್ಲ, ನನ್ನ ಬೆರಳುಗಳ ನಡುವಿನ ಎಳೆಯನ್ನು ತಾವೇ ಹಿಡಿದು ತೋರಿಸಿದರು. ನೇಯುವವರು ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿಯನ್ನು ಹಚ್ಚಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಗಂಜಿಯಿಂದಾಗಿ, ನೂಲಿನಿಂದ ಹೊರಚಾಚಿದ ಎಳೆಗಳು ಅಂಟಿಕೊಂಡು ನೂಲು ಗಟ್ಟಿಯಾಗುತ್ತದೆ. ಹೊಸ ಕಂಬಳಿಯ ಬಿರುಸನ್ನು ದೋಷವೆಂದು ತಿಳಿಯುವ ಪೇಟೆಯ ಗಿರಾಕಿಗಳಿಗೆ ಇದನ್ನು ವಿವರಿಸಬೇಕಾಗುತ್ತದೆ; ಬಳಸಿದಂತೆಲ್ಲ ಅದು ಮೆತ್ತಗಾಗುತ್ತದೆ.

ಉಣ್ಣೆಯೊಂದರಿಂದಲೇ ಸಂಸಾರ ನಡೆಯುತ್ತದೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಬೇಸಿಗೆಯಲ್ಲಿ ಗೊಬ್ಬರಕ್ಕಾಗಿ ರೈತರ ಹೊಲದಲ್ಲಿ ರಾತ್ರಿ ಕುರಿ ತರುಬುವುದರಿಂದ ಕಾಳು ಅಥವಾ ಹಣ ಬರುತ್ತದೆ, ಗಂಡು ಮರಿಗಳ ಮಾರಾಟವೇ ದೊಡ್ಡ ಆದಾಯ. ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆಯನ್ನೂ ಪಶುವೈದ್ಯರು ಹೇಳಿದಂತೆ ಪಿಪಿಆರ್ (ಕುರಿ-ಮೇಕೆಗಳ ಅಂಟುರೋಗ) ಲಸಿಕೆಯನ್ನೂ ಹಾಕಿಸದಿದ್ದರೆ ಈ ಆದಾಯಕ್ಕೂ ಭರವಸೆಯಿಲ್ಲ.

ನಮ್ಮ ಕುರಿಗಳಿಗೆ ತಮ್ಮ ಮಾಡಗ್ಯಾಳ ಟಗರನ್ನು ಬಿಡಲು ಹಲವರು ಮುಂದೆ ಬಂದಿದ್ದಾರೆ. ಮರಿಗಳು ಬೇಗ ತೂಕ ಕಟ್ಟುತ್ತವೆಂಬ ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಆದರೆ ಅಂಥ ಮರಿಗಳ ಮೈಯಲ್ಲಿ ಕೂದಲು ಬೆರೆತು ಉಣ್ಣೆ ಹುರಿ ಹಿಡಿಯುವುದಿಲ್ಲ. ಆದ್ದರಿಂದ ಮೇಯಲು ಹೋದಾಗ ಬೇರೆ ಹಿಂಡು ಎದುರಾದರೆ ನಮ್ಮ ಮನೆಯವರು ದೂರದಿಂದಲೇ ದಾರಿ ಬದಲಿಸುತ್ತಾರೆ. ಹಟ್ಟಿಗೆ ದಖನಿ ಟಗರನ್ನು ಆರಿಸುವಾಗ ಅದರ ಮೈತೂಕಕ್ಕಿಂತ ಮೊದಲು ಭುಜದ ಮೇಲಿನ ಉಣ್ಣೆಯನ್ನು ಬಿಡಿಸಿ ನಾನು ನೋಡುತ್ತೇನೆ.