ತಾಮ್ರ ಹಾಕುವ ಮೊದಲೇ ಮಂಕಾದ ಪ್ರೋಟೀನ್

ನೀರಿನಲ್ಲಿರುವ ತಾಮ್ರ ಅಳೆಯಲು ನಾನು ಬಳಸುತ್ತಿದ್ದುದು ಡಿಎಸ್‌ರೆಡ್, ಕೆಂಪಾಗಿ ಹೊಳೆಯುವ ಪ್ರೋಟೀನ್. ತಾಮ್ರದ ಅಯಾನು ಅಂಟಿಕೊಂಡರೆ ಹೊಳಪು ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದೇ ಲೆಕ್ಕ. ನನ್ನ ಟ್ಯೂಬ್ ಮಾತ್ರ ತಾಮ್ರ ಹಾಕುವ ಮೊದಲೇ ಮಂಕು! ಪ್ರೋಟೀನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಹೊಸದಾಗಿ ತಯಾರಿಸಿದೆ. ಸುಮ್ನೆ ಒಂದು ವಾರ ಹೋಯಿತು.

ಕೊನೆಗೆ ಒಂದು ಹನಿ ಇಡಿಟಿಎ ಹಾಕಿದೆ. ಲೋಹವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ರಾಸಾಯನಿಕ ಅದು. ನೋಡನೋಡುತ್ತಲೇ ಹೊಳಪು ವಾಪಸ್ ಬಂತು. ಪ್ರೋಟೀನ್ ಚೆನ್ನಾಗಿಯೇ ಇತ್ತು, ಲೋಹ ಇದ್ದದ್ದು ಬಫರ್‌ನಲ್ಲಿ, ಅಂದರೆ ಪ್ರೋಟೀನ್ ಕರಗಿಸಿಟ್ಟಿದ್ದ ದ್ರಾವಣದಲ್ಲಿ.

ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ, ಶುದ್ಧ ನೀರಿನಿಂದ ಬಫರ್ ಮತ್ತೆ ಮಾಡಿದೆ. ಇಡಿಟಿಎ ಉಳಿದರೆ ಅಳೆಯಬೇಕಾದ ತಾಮ್ರವನ್ನೂ ಅದೇ ನುಂಗುತ್ತದೆ ಅಲ್ವಾ? ಹಾಗಾಗಿ ಆ ಟ್ಯೂಬ್ ಬಿಸಾಕಿದೆ. ಈಗ ತಾಮ್ರ ಹಾಕದ ಖಾಲಿ ಸ್ಯಾಂಪಲ್ ಚೆನ್ನಾಗಿ ಹೊಳೆಯುತ್ತಿದೆ.